ಸೋಂಕಿತ ಕೋಶದೊಳಗೆ ವೈರಸ್ಸಿನ ಆರ್‌ಎನ್‌ಎ ಯಾರ ಯಾರ ಕೈ ಹಿಡಿಯುತ್ತದೆ?

1956ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಆಲ್ಫ್ರೆಡ್ ಗೀರರ್ ಮತ್ತು ಗೆರ್ಹಾರ್ಡ್ ಶ್ರಾಮ್ ಎಂಬ ವಿಜ್ಞಾನಿಗಳು ತಂಬಾಕಿನ ಮೊಸಾಯಿಕ್ ವೈರಸ್ಸಿನ ಪ್ರೋಟೀನ್ ಕವಚವನ್ನು ಫೀನಾಲ್ ಬಳಸಿ ಕಳಚಿ, ಒಳಗಿದ್ದ ಆರ್‌ಎನ್‌ಎಯನ್ನಷ್ಟೇ ತಂಬಾಕಿನ ಎಲೆಗೆ ಸವರಿದರು. ಎಲೆಗೆ ರೋಗ ತಗುಲಿತು. ಅದೇ ಹೊತ್ತಿಗೆ ಅಮೆರಿಕದ ಬರ್ಕ್ಲಿಯಲ್ಲಿ ಹೈನ್ಸ್ ಫ್ರೆಂಕೆಲ್-ಕಾನ್ರಾಟ್ ಕೂಡ ಇದೇ ತೀರ್ಮಾನಕ್ಕೆ ಬಂದಿದ್ದರು. ಈ ವೈರಸ್ಸಿನ ಸಾರವೆಲ್ಲ ಇರುವುದು ಆರ್‌ಎನ್‌ಎಯಲ್ಲಿ, ಕವಚ ಬರಿಯ ಹೊದಿಕೆ ಎಂಬ ಪಾಠ ಅಲ್ಲಿಂದ ಪಠ್ಯಪುಸ್ತಕಗಳನ್ನು ಸೇರಿತು.

ಪಾಠ ಸರಿಯೇ. ಆದರೆ ಅದರ ಜೊತೆಗೆ ಒಂದು ಸುಳ್ಳು ಚಿತ್ರವೂ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆರ್‌ಎನ್‌ಎ ಒಳಗೆ ನುಗ್ಗುತ್ತದೆ, ಆಜ್ಞೆ ಕೊಡುತ್ತದೆ, ಕೋಶ ತಲೆಬಾಗಿ ಪಾಲಿಸುತ್ತದೆ ಎಂಬ ಚಿತ್ರ ಅದು. ವಾಸ್ತವದಲ್ಲಿ ಕೋಶದೊಳಗೆ ಕಾಲಿಟ್ಟ ಕ್ಷಣದಿಂದ ಆ ಎಳೆ ಒಂಟಿಯಾಗಿ ಇರುವುದೇ ಇಲ್ಲ. ಯಾವುದೋ ಪ್ರೋಟೀನು ಅದನ್ನು ಹಿಡಿಯುತ್ತದೆ, ಇನ್ನಾವುದೋ ಬಿಡಿಸುತ್ತದೆ, ಮತ್ತೊಂದು ಕತ್ತರಿಸಲು ಬರುತ್ತದೆ. ಯಾವ ಗಳಿಗೆಯಲ್ಲಿ ಅದಕ್ಕೆ ಯಾರು ಅಂಟಿಕೊಂಡಿದ್ದಾರೆ ಎಂಬುದರ ಮೇಲೆ ಆ ಗಳಿಗೆಯ ಅದರ ಹಣೆಬರಹ ನಿಂತಿರುತ್ತದೆ: ಅದು ಪ್ರೋಟೀನ್ ಆಗಿ ಓದಿಸಿಕೊಳ್ಳುತ್ತದೆಯೋ, ನಕಲಾಗುತ್ತದೆಯೋ, ಹೊಸ ಕವಚದೊಳಗೆ ಸೇರುತ್ತದೆಯೋ, ಚೂರುಚೂರಾಗುತ್ತದೆಯೋ. ಅದರಲ್ಲಿರುವ ರಾಸಾಯನಿಕ ಅಕ್ಷರಗಳ ಸಾಲು ಬದಲಾಗುವುದಿಲ್ಲ, ಸಂಗಾತಿಗಳು ಬದಲಾಗುತ್ತಾರೆ.

ಸಂಗಾತಿಗಳ ಅಗತ್ಯ ಎಷ್ಟೆಂಬುದು ಲೆಕ್ಕ ನೋಡಿದರೆ ತಿಳಿಯುತ್ತದೆ. ಪೋಲಿಯೊ ವೈರಸ್ಸಿನ ಆರ್‌ಎನ್‌ಎಯಲ್ಲಿ ಸುಮಾರು 7,500 ಅಕ್ಷರಗಳಿವೆ. ಡೆಂಗಿಯಲ್ಲಿ ಸುಮಾರು 10,700. ಕೋವಿಡ್ ತಂದ ಕೊರೊನಾ ವೈರಸ್ಸಿನಲ್ಲಿ ಸುಮಾರು 30,000, ಆರ್‌ಎನ್‌ಎ ವೈರಸ್ಸುಗಳ ಪೈಕಿ ಇದು ಭಾರಿ ಗಾತ್ರವೇ. ಇಷ್ಟು ಪುಟ್ಟ ಜಾಗದಲ್ಲಿ ಹತ್ತರಿಂದ ಮೂವತ್ತು ಪ್ರೋಟೀನುಗಳ ಮಾಹಿತಿ ಹಿಡಿಯಬಹುದು, ಹೆಚ್ಚಿಲ್ಲ. ಪ್ರೋಟೀನ್ ತಯಾರಿಸುವ ಯಂತ್ರವಾದ ರೈಬೋಸೋಮ್ ಇಲ್ಲ, ಪೊರೆ ಕಟ್ಟುವ ಕಿಣ್ವಗಳಿಲ್ಲ, ಶಕ್ತಿ ಒದಗಿಸುವ ವ್ಯವಸ್ಥೆ ಇಲ್ಲ. ಇತ್ತ ಮನುಷ್ಯನ ಕೋಶದ ಬಳಿ ಆರ್‌ಎನ್‌ಎಯನ್ನು ಹಿಡಿಯಬಲ್ಲ ಪ್ರೋಟೀನುಗಳೇ 1,500ಕ್ಕೂ ಹೆಚ್ಚಿವೆ. ಅವೆಲ್ಲ ಇರುವುದು ಕೋಶದ ಸ್ವಂತ ಆರ್‌ಎನ್‌ಎಗಳ ಸೇವೆಗೆ. ವೈರಸ್ಸಿನ ಎಳೆ ಈ ಗುಂಪಿನ ನಡುವೆಯೇ ತನ್ನ ದಾರಿ ಮಾಡಿಕೊಳ್ಳಬೇಕು.

ಪ್ರೋಟೀನುಗಳು ಆರ್‌ಎನ್‌ಎಯನ್ನು ಗುರುತಿಸುವುದು ಅಕ್ಷರಗಳ ಸಾಲಿನಿಂದ ಮಾತ್ರವಲ್ಲ, ಆಕಾರದಿಂದಲೂ ಹೌದು. ಆರ್‌ಎನ್‌ಎ ಒಂಟಿ ಎಳೆಯಾದ್ದರಿಂದ ತನ್ನ ಮೇಲೆಯೇ ಮಡಚಿಕೊಂಡು ಜೋಡಿಯಾಗುತ್ತದೆ. ಎಲ್ಲೋ ಒಂದು ಕಾಂಡ, ಅದರ ತುದಿಯಲ್ಲಿ ಕುಣಿಕೆ, ಕುಣಿಕೆಯ ಅಕ್ಷರಗಳು ದೂರದ ಇನ್ನೊಂದು ತುಂಡಿನೊಂದಿಗೆ ಬೆಸೆದು ಗಂಟು. ವೈರಸ್ಸಿನ ಆರ್‌ಎನ್‌ಎಯ ಎರಡು ತುದಿಗಳಲ್ಲಿ ಪ್ರೋಟೀನಿನ ಮಾಹಿತಿ ಇಲ್ಲದ ಭಾಗಗಳಿರುತ್ತವೆ. ಇಂಥ ಮಡಿಕೆಗಳು ಅಲ್ಲಿಯೇ ದಟ್ಟವಾಗಿರುವುದು. ಮಾಹಿತಿ ಇಲ್ಲವೆಂದು ಅವನ್ನು ಕಡೆಗಣಿಸಿದರೆ ವೈರಸ್ಸಿನ ಅರ್ಧ ಜೀವನವೇ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಮೊದಲ ಭೇಟಿ: ರೈಬೋಸೋಮ್

ಪೋಲಿಯೊ, ಡೆಂಗಿ, ಹೆಪಟೈಟಿಸ್ ಸಿ, ಕೊರೊನಾ ಇವೆಲ್ಲ ಧನ ಎಳೆಯ ವೈರಸ್ಸುಗಳು. ಅಂದರೆ ಇವುಗಳ ಆರ್‌ಎನ್‌ಎಯನ್ನು ರೈಬೋಸೋಮ್ ನೇರವಾಗಿ ಓದಿ ಪ್ರೋಟೀನ್ ಮಾಡಬಲ್ಲದು. ಆದರೆ ರೈಬೋಸೋಮ್ ಕಂಡಕಂಡ ಎಳೆಯನ್ನೆಲ್ಲ ಓದುವುದಿಲ್ಲ. ಕೋಶದ ಸ್ವಂತ ಸಂದೇಶವಾಹಕ ಆರ್‌ಎನ್‌ಎಯ ಮುಂತುದಿಗೆ ರಾಸಾಯನಿಕ ಟೊಪ್ಪಿಗೆಯೊಂದು ಇರುತ್ತದೆ. ಅದನ್ನು ಇಐಎಫ್4ಇ ಎಂಬ ಪ್ರೋಟೀನ್ ಹಿಡಿಯುತ್ತದೆ, ಅದಕ್ಕೆ ಇಐಎಫ್4ಜಿ ಎಂಬ ಉದ್ದನೆಯ ಪ್ರೋಟೀನ್ ಜೋತುಬೀಳುತ್ತದೆ, ಅದರ ಇನ್ನೊಂದು ಬದಿಗೆ ರೈಬೋಸೋಮಿನ ಸಣ್ಣ ಭಾಗ ಬಂದು ಸೇರುತ್ತದೆ.

ಪೋಲಿಯೊದ ಆರ್‌ಎನ್‌ಎಗೆ ಟೊಪ್ಪಿಗೆ ಇಲ್ಲ. ಅದರ ಮುಂತುದಿಗೆ ವಿಪಿಜಿ ಎಂಬ, ಬರೇ 22 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್ ಅಂಟಿಕೊಂಡಿರುತ್ತದೆ. ಕೋಶದೊಳಗೆ ಬಂದ ಕೂಡಲೇ ಅದನ್ನು ಕಳಚುವುದು ಕೋಶದ್ದೇ ಕಿಣ್ವ. ಅದು ಟಿಡಿಪಿ2 ಎಂದು 2012ರಲ್ಲಿ ಗೊತ್ತಾಯಿತು. ಡಿಎನ್‌ಎ ರಿಪೇರಿ ಮಾಡಿಕೊಂಡಿದ್ದ ಕಿಣ್ವವದು, ವೈರಸ್ಸಿನ ಮುಂತುದಿಯ ರಾಸಾಯನಿಕ ಬಂಧ ತನ್ನ ದಿನನಿತ್ಯದ ಕೆಲಸದಂತೆಯೇ ಕಂಡದ್ದರಿಂದ ಅದನ್ನೂ ಬಿಡಿಸಿಬಿಡುತ್ತದೆ.

ಟೊಪ್ಪಿಗೆ ಇಲ್ಲದೆ ರೈಬೋಸೋಮ್ ಬರುವುದು ಹೇಗೆ? 1988ರಲ್ಲಿ ನಾಹುಮ್ ಸೋನೆನ್‌ಬರ್ಗ್ ಅವರ ತಂಡ ಪೋಲಿಯೊದಲ್ಲಿ, ಎಕಾರ್ಡ್ ವಿಮ್ಮರ್ ಅವರ ತಂಡ ಅದರ ಸಂಬಂಧಿ ವೈರಸ್ಸೊಂದರಲ್ಲಿ ಇದಕ್ಕೆ ಉತ್ತರ ಕಂಡುಕೊಂಡವು. ಆರ್‌ಎನ್‌ಎಯ ಒಳಭಾಗದಲ್ಲಿ, ಮುಂತುದಿಯಿಂದ ಸಾಕಷ್ಟು ದೂರದಲ್ಲಿ, ನೂರಾರು ಅಕ್ಷರಗಳು ಮಡಚಿ ರೂಪುಗೊಂಡ ಇಳಿದಾಣವೊಂದಿದೆ. ರೈಬೋಸೋಮ್ ನೇರವಾಗಿ ಅಲ್ಲಿಗೇ ಬಂದಿಳಿಯುತ್ತದೆ. ಇದಕ್ಕೆ ಐಆರ್‌ಇಎಸ್ ಎಂದು ಹೆಸರು. ಇದಾದ ಮೇಲೆ ವೈರಸ್ಸಿನ 2ಎ ಎಂಬ ಕತ್ತರಿ ಪ್ರೋಟೀನ್ ಕೋಶದ ಇಐಎಫ್4ಜಿಯನ್ನು ತುಂಡು ಮಾಡುತ್ತದೆ. ಟೊಪ್ಪಿಗೆಯ ಕಡೆಗೆ ಕೈಚಾಚುವ ತುಂಡು ಬೇರೆಯಾಗಿ ಕೋಶದ ಸ್ವಂತ ಪ್ರೋಟೀನ್ ತಯಾರಿ ಕೆಲವೇ ಗಂಟೆಗಳಲ್ಲಿ ನೆಲ ಕಚ್ಚುತ್ತದೆ. ಉಳಿದ ತುಂಡು ಮಾತ್ರ ಐಆರ್‌ಇಎಸ್‌ಗೆ ಅಂಟಿಕೊಂಡು ವೈರಸ್ಸಿಗೆ ಎಂದಿನಂತೆ ದುಡಿಯುತ್ತದೆ. ಒಂದೇ ಪ್ರೋಟೀನಿನ ಒಂದು ಕೈ ಕಡಿದು ಇನ್ನೊಂದು ಕೈಯನ್ನು ಚಾಕರಿಗೆ ಇಟ್ಟುಕೊಳ್ಳುವ ಈ ಉಪಾಯ ಕಂಡಾಗಲೆಲ್ಲ ನನಗೆ ಮೆಚ್ಚುಗೆ ಮತ್ತು ಸಿಟ್ಟು ಒಟ್ಟೊಟ್ಟಿಗೆ ಬರುತ್ತವೆ.

ಹೆಪಟೈಟಿಸ್ ಸಿ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಇಳಿದಾಣಕ್ಕೆ ಇಐಎಫ್4 ಗುಂಪಿನ ನೆರವೇ ಬೇಡ, ರೈಬೋಸೋಮಿನ ಸಣ್ಣ ಭಾಗವನ್ನು ಅದು ತಾನೇ ಹಿಡಿದುಕೊಳ್ಳುತ್ತದೆ. ಕೊರೊನಾ ವೈರಸ್ಸಿನದು ಬೇರೆ ದಾರಿ. ಅದರ ಆರ್‌ಎನ್‌ಎಗೆ ಟೊಪ್ಪಿಗೆ ಇದೆ, ಕೋಶದ ಆರ್‌ಎನ್‌ಎಯಂತೆಯೇ ಓದಿಸಿಕೊಳ್ಳುತ್ತದೆ. ಆದರೆ ಅದರ ಎನ್‌ಎಸ್‌ಪಿ1 ಎಂಬ ಪ್ರೋಟೀನ್ ರೈಬೋಸೋಮಿನೊಳಗೆ ಆರ್‌ಎನ್‌ಎ ಹಾದುಹೋಗುವ ಕಾಲುವೆಗೇ ಬಿರಡೆಯಾಗಿ ಕೂರುತ್ತದೆ ಎಂದು 2020ರಲ್ಲಿ ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು ತೋರಿಸಿದವು. ವೈರಸ್ಸಿನ ಸ್ವಂತ ಆರ್‌ಎನ್‌ಎಗಳ ಮುಂತುದಿಯಲ್ಲಿರುವ ಒಂದು ಸಣ್ಣ ಕುಣಿಕೆ ಈ ತಡೆಯಿಂದ ಪಾರಾಗುವ ರಹದಾರಿಯಂತೆ ಕೆಲಸ ಮಾಡುತ್ತದೆ.

ಒಂದೇ ಎಳೆ, ಎದುರುಬದುರು ಎರಡು ಸಂಚಾರ

ಇಲ್ಲಿಂದ ವಿಷಯ ನಿಜವಾಗಿ ರೋಚಕವಾಗುತ್ತದೆ. ರೈಬೋಸೋಮ್ ಆರ್‌ಎನ್‌ಎಯನ್ನು ಮುಂತುದಿಯಿಂದ ಹಿಂತುದಿಯ ಕಡೆಗೆ ಓದುತ್ತದೆ. ನಕಲು ಮಾಡುವ ಪಾಲಿಮರೇಸ್ ಕಿಣ್ವ ಅದೇ ಎಳೆಯ ಹಿಂತುದಿಯಿಂದ ಶುರುಮಾಡಿ ಮುಂತುದಿಯ ಕಡೆಗೆ ಸಾಗುತ್ತದೆ. ಒಂದೇ ಲಾರಿ ಹಿಡಿಯುವಷ್ಟು ಕಿರಿದಾದ ಸೇತುವೆಯ ಎರಡೂ ಕಡೆಯಿಂದ ಲಾರಿಗಳನ್ನು ಬಿಟ್ಟಂತೆ. ಮಧ್ಯದಲ್ಲಿ ಮುಖಾಮುಖಿಯಾದರೆ ಪಾಲಿಮರೇಸ್ ಮುಂದೆ ಹೋಗಲಾರದು. ಹಾಗಾಗಿ ನಕಲು ಶುರುವಾಗುವ ಮುನ್ನ ರೈಬೋಸೋಮುಗಳ ಸಂಚಾರ ನಿಲ್ಲಬೇಕು. ನಿಲ್ಲಿಸುವವರು ಯಾರು?

ಪೋಲಿಯೊದಲ್ಲಿ ಈ ಪ್ರಶ್ನೆಗೆ 1998ರಲ್ಲಿ ಆಂಡ್ರಿಯಾ ಗಮಾರ್ನಿಕ್ ಮತ್ತು ರಾಲ್ ಆಂಡಿನೊ ಉತ್ತರದ ಮುಖ್ಯ ಭಾಗವನ್ನು ಕೊಟ್ಟರು. ಕಥೆಯ ನಾಯಕ ಪಿಸಿಬಿಪಿ2 ಎಂಬ ಮನುಷ್ಯ ಪ್ರೋಟೀನ್. ಸಿ ಅಕ್ಷರಗಳ ಸಾಲನ್ನು ಕಂಡರೆ ಅಂಟಿಕೊಳ್ಳುವುದು ಇದರ ಸ್ವಭಾವ. ಪೋಲಿಯೊ ಆರ್‌ಎನ್‌ಎಯಲ್ಲಿ ಇದಕ್ಕೆ ಎರಡು ಕಡೆ ಜಾಗವಿದೆ. ಒಂದು, ಮೇಲೆ ಹೇಳಿದ ಇಳಿದಾಣದೊಳಗಿನ ಕುಣಿಕೆ. ಇನ್ನೊಂದು, ಎಳೆಯ ಮುಂತುದಿಯಲ್ಲೇ ಮೂರೆಲೆಯ ಆಕಾರದಲ್ಲಿ ಮಡಚಿಕೊಂಡಿರುವ ಸುಮಾರು ತೊಂಬತ್ತು ಅಕ್ಷರಗಳ ಭಾಗ. ಸೋಂಕಿನ ಆರಂಭದಲ್ಲಿ ಪಿಸಿಬಿಪಿ2 ಇಳಿದಾಣದಲ್ಲಿ ಕೂತು ರೈಬೋಸೋಮನ್ನು ಕರೆತರಲು ನೆರವಾಗುತ್ತದೆ. ಪ್ರೋಟೀನುಗಳು ತಯಾರಾಗುತ್ತವೆ. ಹಾಗೆ ತಯಾರಾದವುಗಳಲ್ಲಿ 3ಸಿಡಿ ಎಂಬುದೂ ಒಂದು. ಅದು ಕತ್ತರಿಯೂ ಹೌದು, ಆರ್‌ಎನ್‌ಎ ಹಿಡಿಯುವ ಕೈಯೂ ಹೌದು.

3ಸಿಡಿ ಸಾಕಷ್ಟು ಶೇಖರವಾದಾಗ ಎರಡು ಸಂಗತಿಗಳು ನಡೆಯುತ್ತವೆ. ಮೂರೆಲೆಯ ಮಡಿಕೆಗೆ ಅದು ಬಂದು ಅಂಟುತ್ತದೆ, ಪಕ್ಕದಲ್ಲಿರುವ ಪಿಸಿಬಿಪಿ2 ಕೂಡ ಅಲ್ಲಿ ಇನ್ನಷ್ಟು ಭದ್ರವಾಗಿ ನಿಲ್ಲುತ್ತದೆ. ಜೊತೆಗೆ ವೈರಸ್ಸಿನ ಕತ್ತರಿ ಪಿಸಿಬಿಪಿ2 ಅಣುಗಳಲ್ಲಿ ಒಂದು ಪಾಲನ್ನು ಕತ್ತರಿಸುತ್ತದೆ. ಕತ್ತರಿಸುವುದು ಎಲ್ಲೆಂದರಲ್ಲಿ ಅಲ್ಲ. ಆರ್‌ಎನ್‌ಎ ಹಿಡಿಯುವ ಅದರ ಮೂರು ಭಾಗಗಳಲ್ಲಿ ಮೂರನೆಯದು ಉದುರಿಹೋಗಿ ಮೊದಲ ಎರಡು ಉಳಿಯುವಂತೆ ಕತ್ತರಿ ಬೀಳುತ್ತದೆ. ಹೀಗೆ ಮೊಟಕಾದ ಪಿಸಿಬಿಪಿ2 ರೈಬೋಸೋಮನ್ನು ಕರೆತರಲಾರದು, ಆದರೆ ಮೂರೆಲೆಯ ಮಡಿಕೆಯನ್ನು ಹಿಡಿದು ನಕಲಿಗೆ ನೆರವಾಗಬಲ್ಲದು. ಇಷ್ಟರಲ್ಲಿ ಎಳೆಯ ಹಿಂತುದಿಯ ಎ ಅಕ್ಷರಗಳ ಬಾಲಕ್ಕೆ ಅಂಟಿಕೊಂಡಿರುವ ಇನ್ನೊಂದು ಕೋಶ ಪ್ರೋಟೀನ್ ಈ ಮುಂತುದಿಯ ಕೂಟದ ಜೊತೆ ಸೇರಿ ಇಡೀ ಆರ್‌ಎನ್‌ಎ ಒಂದು ಬಳೆಯಾಗುತ್ತದೆ. 3ಸಿಡಿಯ ಭಾಗವಾಗಿ ಮುಂತುದಿಯಲ್ಲಿ ಕೂತಿದ್ದ ಪಾಲಿಮರೇಸ್‌ಗೆ ತಾನು ಶುರುಮಾಡಬೇಕಾದ ಹಿಂತುದಿ ಕೈಗೆಟುಕುವಷ್ಟು ಹತ್ತಿರ ಬರುತ್ತದೆ.

ಇದರಲ್ಲಿ ಗಡಿಯಾರವಿಲ್ಲ, ಮೇಲ್ವಿಚಾರಕನಿಲ್ಲ. ಕತ್ತರಿ ತಯಾರಾಗಬೇಕಾದರೆ ಓದು ನಡೆಯಬೇಕು, ಕತ್ತರಿ ಹೆಚ್ಚಾದರೆ ಓದು ನಿಲ್ಲುತ್ತದೆ. ಸಾಕಷ್ಟು ಪ್ರೋಟೀನ್ ಆಗಿದೆ ಎಂಬ ಸುದ್ದಿಯನ್ನು ಆರ್‌ಎನ್‌ಎಗೆ ಮುಟ್ಟಿಸುವುದು ಆ ಪ್ರೋಟೀನೇ. ಡೆಂಗಿ ಇದೇ ಬಳೆಯ ಉಪಾಯವನ್ನು ಪ್ರೋಟೀನ್ ಮಧ್ಯಸ್ಥಿಕೆ ಇಲ್ಲದೆಯೂ ಮಾಡಬಲ್ಲದು. ಅದರ ಎರಡು ತುದಿಗಳಲ್ಲಿ ಒಂದಕ್ಕೊಂದು ಹೊಂದುವ ಅಕ್ಷರಗಳ ಸಾಲುಗಳಿದ್ದು, ಅವೇ ಜೋಡಿಯಾಗಿ ತುದಿಗಳನ್ನು ಕೂಡಿಸುತ್ತವೆ.

ಪೊರೆಯ ಮರೆ

ಯಾರ ಜೊತೆ ಎಂಬಷ್ಟೇ ಮುಖ್ಯವಾದ ಪ್ರಶ್ನೆ ಎಲ್ಲಿ ಎಂಬುದು. ಧನ ಎಳೆಯ ವೈರಸ್ಸುಗಳು ಕೋಶದ್ರವ್ಯದ ನಡುಬೀದಿಯಲ್ಲಿ ನಕಲು ನಡೆಸುವುದಿಲ್ಲ. ನಕಲಿನ ವೇಳೆ ಜೋಡಿ ಎಳೆಯ ಆರ್‌ಎನ್‌ಎ ಹುಟ್ಟುತ್ತದೆ. ಉದ್ದನೆಯ ಜೋಡಿ ಎಳೆ ಆರೋಗ್ಯವಂತ ಕೋಶದ ದ್ರವ್ಯದಲ್ಲಿ ಇರಬಾರದ ವಸ್ತು, ಕಂಡರೆ ಕಾವಲು ಪ್ರೋಟೀನುಗಳು ಗುಲ್ಲೆಬ್ಬಿಸುತ್ತವೆ. ಆದ್ದರಿಂದ ಮರೆ ಬೇಕು.

ಡೆಂಗಿ ಕೋಶದ ಒಳಪೊರೆಯ ಜಾಲವನ್ನು ಒಳಕ್ಕೆ ತಗ್ಗಿಸಿ ಪುಟ್ಟ ಚೀಲಗಳನ್ನು ಮಾಡಿಕೊಳ್ಳುತ್ತದೆ. ಅವುಗಳ ಅಡ್ಡಳತೆ ಸುಮಾರು 90 ನ್ಯಾನೊಮೀಟರ್, ಕತ್ತು ಹತ್ತಿಪ್ಪತ್ತು ನ್ಯಾನೊಮೀಟರಿನಷ್ಟು ಕಿರಿದು. ಚಿಕೂನ್‌ಗುನ್ಯಾ ಕೋಶದ ಹೊರಪೊರೆಯನ್ನೇ ಹೀಗೆ ಬಾಗಿಸುತ್ತದೆ, ಅದರ ಎನ್‌ಎಸ್‌ಪಿ1 ಪ್ರೋಟೀನಿನ (ಹೆಸರು ಒಂದೇ, ಕೊರೊನಾದ್ದಲ್ಲ) 12 ಪ್ರತಿಗಳು ಉಂಗುರವಾಗಿ ಕತ್ತನ್ನು ಕಾಯುತ್ತವೆ. ಕೊರೊನಾ ವೈರಸ್ಸುಗಳದ್ದು ಎರಡು ಪೊರೆಗಳ ಮುಚ್ಚಿದ ಗುಳ್ಳೆ. ಮುಚ್ಚಿದ್ದರೆ ಹೊಸ ಆರ್‌ಎನ್‌ಎ ಹೊರಗೆ ಬರುವುದು ಹೇಗೆಂಬ ಪ್ರಶ್ನೆ ಬಹುಕಾಲ ಕಾಡಿತ್ತು. 2020ರಲ್ಲಿ ಆ ಗುಳ್ಳೆಗಳ ಗೋಡೆಯಲ್ಲಿ ಕಿರೀಟದಾಕಾರದ ರಂಧ್ರ ಸಿಕ್ಕಿತು. ಪೋಲಿಯೊ ಮತ್ತದರ ಬಳಗ ಕೋಶದ ಲಿಪಿಡ್ ಕಿಣ್ವವೊಂದನ್ನು ಎಳೆತಂದು, ಪೊರೆಯ ರಾಸಾಯನಿಕ ಸ್ವರೂಪವನ್ನೇ ಪಾಲಿಮರೇಸ್‌ಗೆ ಒಗ್ಗುವಂತೆ ಬದಲಿಸಿಕೊಳ್ಳುತ್ತವೆ.

ಪೊರೆಗೆ ಆರ್‌ಎನ್‌ಎಯನ್ನು ಕಟ್ಟಿಹಾಕುವ ಕೆಲಸದಲ್ಲಿ ಕೋಶದ ಪ್ರೋಟೀನುಗಳಿಗೂ ಪಾಲಿದೆ. ಡೆಂಗಿ ಮತ್ತು ಝಿಕಾ ಆರ್‌ಎನ್‌ಎಗೆ ಅಂಟಿದ ಪ್ರೋಟೀನುಗಳನ್ನು ಹುಡುಕಿದಾಗ ವಿಜಿಲಿನ್ ಮತ್ತು ಆರ್‌ಆರ್‌ಬಿಪಿ1 ಎಂಬೆರಡು ಎದ್ದು ಕಂಡವು. ಎರಡೂ ಒಳಪೊರೆಯ ಜಾಲದ ಬಳಿ ಇರುವಂಥವು. ಅವನ್ನು ಕೋಶದಿಂದ ತೆಗೆದರೆ ಈ ವೈರಸ್ಸುಗಳ ಬೆಳವಣಿಗೆ ಕುಗ್ಗುತ್ತದೆ.

ಬರಿಮೈಯಲ್ಲಿ ಬಾರದವರು

ರೇಬೀಸ್, ದಡಾರ, ಎಬೋಲಾ, ಇನ್‌ಫ್ಲುಯೆಂಜಾಗಳದ್ದು ಋಣ ಎಳೆ. ಇದನ್ನು ರೈಬೋಸೋಮ್ ಓದಲಾರದು. ಹಾಗಾಗಿ ಇವು ತಮ್ಮ ಪಾಲಿಮರೇಸನ್ನು ಬಗಲಲ್ಲಿ ಕಟ್ಟಿಕೊಂಡೇ ಬರುತ್ತವೆ. ಆರ್‌ಎನ್‌ಎಯ ಮೈತುಂಬ ನ್ಯೂಕ್ಲಿಯೊಪ್ರೋಟೀನ್ ಎಂಬ ವೈರಸ್ ಪ್ರೋಟೀನ್ ಸಾಲಾಗಿ ಕೂತಿರುತ್ತದೆ. ದಡಾರದಲ್ಲಿ ಒಂದೊಂದು ನ್ಯೂಕ್ಲಿಯೊಪ್ರೋಟೀನ್ ಸರಿಯಾಗಿ 6 ಅಕ್ಷರಗಳನ್ನು ಮುಚ್ಚುತ್ತದೆ. ಆದ್ದರಿಂದ ಇಡೀ ಜೀನೋಮಿನ ಉದ್ದ 6ರಿಂದ ನಿಶ್ಶೇಷವಾಗಿ ಭಾಗವಾಗದಿದ್ದರೆ ನಕಲು ಕೈಕೊಡುತ್ತದೆ. ದಡಾರದ ಜೀನೋಮಿನಲ್ಲಿ 15,894 ಅಕ್ಷರಗಳಿವೆ. ಭಾಗಿಸಿ ನೋಡಿ, 2,649 ಬರುತ್ತದೆ, ಶೇಷ ಸೊನ್ನೆ.

ರೇಬೀಸ್ ತಗುಲಿದ ನರಕೋಶಗಳಲ್ಲಿ ದುಂಡನೆಯ ಕಲೆಗಳನ್ನು 1903ರಲ್ಲಿ ಇಟಲಿಯ ಅಡೆಲ್ಕಿ ನೆಗ್ರಿ ಗುರುತಿಸಿದರು. ರೋಗ ತರುವ ಪರಜೀವಿಯೇ ಇದು ಎಂದು ಅವರು ಎಣಿಸಿದ್ದರು. ನೆಗ್ರಿ ಕಾಯಗಳೆಂಬ ಹೆಸರಿನಲ್ಲಿ ಅವು ದಶಕಗಳ ಕಾಲ ರೋಗಪತ್ತೆಗೆ ನೆರವಾದವು. ಅಲ್ಲಿ ನಡೆಯುತ್ತಿರುವುದು ವೈರಸ್ಸಿನ ಆರ್‌ಎನ್‌ಎ ತಯಾರಿ ಎಂಬುದು ಬಹಳ ತಡವಾಗಿ ತಿಳಿಯಿತು. 2017ರಲ್ಲಿ ಇನ್ನೊಂದು ಅಚ್ಚರಿ: ಇವು ಪೊರೆಯಿಲ್ಲದ ದ್ರವ ಹನಿಗಳು, ಎರಡು ಹತ್ತಿರ ಬಂದರೆ ಕೂಡಿ ಒಂದಾಗುತ್ತವೆ. ಆರ್‌ಎನ್‌ಎಯೂ ಅದಕ್ಕಂಟಿದ ಪ್ರೋಟೀನುಗಳೂ ಸುತ್ತಲಿನ ದ್ರವದಿಂದ ಬೇರ್ಪಟ್ಟು ತಮ್ಮದೇ ಸಾಂದ್ರ ಹನಿಯಾಗುವ ಈ ವಿದ್ಯಮಾನ ಬೇರೆ ಹಲವು ವೈರಸ್ಸುಗಳಲ್ಲೂ ಕಂಡಿದೆ. ಪೊರೆ ಕಟ್ಟದೆಯೂ ಕೋಣೆ ಕಟ್ಟಬಹುದು.

ಇನ್‌ಫ್ಲುಯೆಂಜಾ ಕೋಶಕೇಂದ್ರದೊಳಗೇ ನುಗ್ಗುತ್ತದೆ, ಆರ್‌ಎನ್‌ಎ ವೈರಸ್ಸುಗಳಲ್ಲಿ ಇದು ಅಪರೂಪ. ಹೋಗುವುದು ಟೊಪ್ಪಿಗೆ ಕದಿಯಲು. ಕೋಶದ ಆರ್‌ಎನ್‌ಎ ಆಗಷ್ಟೇ ತಯಾರಾಗುತ್ತಿರುವಾಗ ವೈರಸ್ ಪಾಲಿಮರೇಸಿನ ಒಂದು ಭಾಗ ಅದರ ಟೊಪ್ಪಿಗೆಯನ್ನು ಹಿಡಿಯುತ್ತದೆ, ಇನ್ನೊಂದು ಭಾಗ ಹತ್ತು-ಹದಿಮೂರು ಅಕ್ಷರಗಳ ಆಚೆ ಕತ್ತರಿಸುತ್ತದೆ, ಆ ತುಂಡನ್ನೇ ಮೊದಲಾಗಿಸಿ ವೈರಸ್ ತನ್ನ ಸಂದೇಶವನ್ನು ಬರೆದುಕೊಳ್ಳುತ್ತದೆ. ಹಾಗಾಗಿ ಇನ್‌ಫ್ಲುಯೆಂಜಾದ ಪ್ರತಿ ಸಂದೇಶದ ತಲೆಯಲ್ಲೂ ಮನುಷ್ಯನ ಆರ್‌ಎನ್‌ಎಯ ಚೂರೊಂದು ಇರುತ್ತದೆ. 2018ರಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬಾಲೊಕ್ಸಾವಿರ್ ಔಷಧ ಈ ಕತ್ತರಿಯನ್ನೇ ಕಟ್ಟಿಹಾಕುತ್ತದೆ.

ಯಕೃತ್ತಿನ ಗುಟ್ಟು

ಸಂಗಾತಿಗಳೆಲ್ಲ ಪ್ರೋಟೀನುಗಳೇ ಆಗಬೇಕಿಲ್ಲ. ಕೋಶದಲ್ಲಿ ಸುಮಾರು 22 ಅಕ್ಷರಗಳ ಮೈಕ್ರೋಆರ್‌ಎನ್‌ಎಗಳಿವೆ. ಅರ್ಗೊನಾಟ್ ಎಂಬ ಪ್ರೋಟೀನಿನ ಜೊತೆ ಸೇರಿ ಇವು ಸಾಮಾನ್ಯವಾಗಿ ಸಂದೇಶವಾಹಕ ಆರ್‌ಎನ್‌ಎಗಳ ಹಿಂತುದಿಯಲ್ಲಿ ಕೂತು ಅವುಗಳ ಬಾಯಿ ಮುಚ್ಚಿಸುತ್ತವೆ. 2005ರಲ್ಲಿ ಪೀಟರ್ ಸಾರ್ನೋ ಅವರ ಪ್ರಯೋಗಾಲಯ ಇದಕ್ಕೆ ತದ್ವಿರುದ್ಧವಾದ ಸಂಗತಿಯನ್ನು ವರದಿ ಮಾಡಿತು. ಯಕೃತ್ತಿನಲ್ಲಿ ಹೇರಳವಾಗಿರುವ ಎಂಐಆರ್-122 ಎಂಬ ಮೈಕ್ರೋಆರ್‌ಎನ್‌ಎ ಹೆಪಟೈಟಿಸ್ ಸಿ ಆರ್‌ಎನ್‌ಎಯ ಮುಂತುದಿಗೆ ಅಂಟಿಕೊಂಡು ವೈರಸ್ಸನ್ನು ಬೆಳೆಸುತ್ತದೆ. ಅಕ್ಕಪಕ್ಕದ ಎರಡು ಜಾಗಗಳಲ್ಲಿ ಅದು ಕೂರುತ್ತದೆ. ಟೊಪ್ಪಿಗೆಯಿಲ್ಲದ ಬೆತ್ತಲೆ ತುದಿಯನ್ನು ಅಗಿಯಲು ಬರುವ ಎಕ್ಸ್‌ಆರ್‌ಎನ್1ನಂಥ ಕಿಣ್ವಗಳಿಗೆ ಹಲ್ಲೂರಲು ಜಾಗವೇ ಸಿಗುವುದಿಲ್ಲ. ಈ ವೈರಸ್ ಯಕೃತ್ತನ್ನೇ ನೆಚ್ಚಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಎಂಐಆರ್-122 ಅನ್ನು ಹಿಡಿದು ಕಟ್ಟಿಹಾಕುವ ಮಿರಾವಿರ್ಸೆನ್ ಎಂಬ ಔಷಧವನ್ನು ರೋಗಿಗಳಿಗೆ ಕೊಟ್ಟ ಪರೀಕ್ಷೆಯ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ವೈರಸ್ಸಿನ ಆರ್‌ಎನ್‌ಎ ಇಳಿಯಿತು. ವೈರಸ್ಸಿನ ಯಾವ ಭಾಗವನ್ನೂ ಮುಟ್ಟದೆ ಅದರ ಸಂಗಾತಿಯನ್ನು ಮಾತ್ರ ಕಸಿದುಕೊಂಡು ರೋಗವನ್ನು ತಗ್ಗಿಸಬಹುದು ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷ್ಯ ವಿರಳ. ಆದರೆ ಅದೇ ಹೊತ್ತಿಗೆ ವೈರಸ್ಸಿನ ಕಿಣ್ವಗಳನ್ನೇ ತಡೆಯುವ, ಬಾಯಿಯಲ್ಲಿ ನುಂಗುವ ಮಾತ್ರೆಗಳು ಬಂದು ರೋಗವನ್ನು ಪೂರ್ತಿ ಗುಣಪಡಿಸತೊಡಗಿದ್ದರಿಂದ ಮಿರಾವಿರ್ಸೆನ್ ಹಿಂದೆ ಸರಿಯಿತು.

ಕಾವಲುಗಾರರು, ಮತ್ತು ಬಿಚ್ಚಲಾಗದ ಒಂದು ಗಂಟು

ವೈರಸ್ಸಿನ ಎಳೆಯನ್ನು ಹಿಡಿಯುವ ಕೈಗಳಲ್ಲಿ ಹಲವು ಅದನ್ನು ಕೊಲ್ಲಲು ಬಂದವು. ಆರ್‌ಐಜಿ-ಐ ಎಂಬ ಪ್ರೋಟೀನ್ ಮುಂತುದಿಯಲ್ಲಿ ಮೂರು ಫಾಸ್ಫೇಟುಗಳಿರುವ ಜೋಡಿ ಎಳೆಯನ್ನು ಗುರುತಿಸುತ್ತದೆ. ಕೋಶದ ಸ್ವಂತ ಆರ್‌ಎನ್‌ಎಗಳಲ್ಲಿ ಆ ಫಾಸ್ಫೇಟುಗಳು ಟೊಪ್ಪಿಗೆಯಡಿ ಮರೆಯಾಗಿರುತ್ತವೆ ಅಥವಾ ಕಳಚಿಹೋಗಿರುತ್ತವೆ. ಎಂಡಿಎ5 ಉದ್ದನೆಯ ಜೋಡಿ ಎಳೆಯನ್ನು ಹಿಡಿಯುತ್ತದೆ. ಎರಡೂ ಮೈಟೊಕಾಂಡ್ರಿಯದ ಮೇಲಿರುವ ಮ್ಯಾವ್ಸ್ ಎಂಬ ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತವೆ, ಎಚ್ಚರಿಕೆ ಸಾರುವ ಇಂಟರ್‌ಫೆರಾನ್ ತಯಾರಾಗುತ್ತದೆ, ನೆರೆಯ ಕೋಶಗಳೂ ಎಚ್ಚರಗೊಳ್ಳುತ್ತವೆ. ಐಎಫ್‌ಐಟಿ1 ಎಂಬುದು ಟೊಪ್ಪಿಗೆಯನ್ನೇ ಪರೀಕ್ಷಿಸುತ್ತದೆ: ಅದರ ಪಕ್ಕದ ಅಕ್ಷರದ ಮೇಲೆ ಮೀಥೈಲ್ ಗುರುತು ಇಲ್ಲದಿದ್ದರೆ ಅದು ನಕಲಿ. ಕೊರೊನಾ, ಡೆಂಗಿಗಳು ಆ ಗುರುತನ್ನೂ ಹಾಕಬಲ್ಲ ಕಿಣ್ವಗಳನ್ನು ಇಟ್ಟುಕೊಂಡಿವೆ.

ಈ ಪೈಕಿ ಅತ್ಯಂತ ಸೊಗಸಾದ ಮುಖಾಮುಖಿ ನನ್ನ ಎಣಿಕೆಯಲ್ಲಿ ಡೆಂಗಿ ಬಳಗದ ಆರ್‌ಎನ್‌ಎಗೂ ಎಕ್ಸ್‌ಆರ್‌ಎನ್1 ಕಿಣ್ವಕ್ಕೂ ನಡೆಯುವಂಥದು. ಎಕ್ಸ್‌ಆರ್‌ಎನ್1 ಮುಂತುದಿಯಿಂದ ಹಿಡಿದು ಅಕ್ಷರ ಅಕ್ಷರವಾಗಿ ಅಗಿಯುತ್ತ ಸಾಗುತ್ತದೆ. ದಾರಿಯಲ್ಲಿ ಸಿಗುವ ಸಾಮಾನ್ಯ ಮಡಿಕೆಗಳನ್ನು ಲೀಲಾಜಾಲವಾಗಿ ಬಿಚ್ಚಿಹಾಕುತ್ತದೆ. ಡೆಂಗಿ ಆರ್‌ಎನ್‌ಎಯ ಹತ್ತು ಸಾವಿರಕ್ಕೂ ಹೆಚ್ಚು ಅಕ್ಷರಗಳನ್ನು ಹೀಗೆ ತಿಂದು ಮುಗಿಸಿ, ಹಿಂತುದಿಯ ಸಮೀಪ ಬಂದಾಗ ಗಕ್ಕನೆ ನಿಲ್ಲುತ್ತದೆ. 2008ರಲ್ಲಿ ಈ ನಿಲುಗಡೆ ವರದಿಯಾಯಿತು. ಕಾರಣ 2014ರಲ್ಲಿ, ಅದೇ ಬಳಗದ ಒಂದು ವೈರಸ್ಸಿನ ಆರ್‌ಎನ್‌ಎ ತುಂಡಿನ ಮೂರು ಆಯಾಮದ ರಚನೆ ಸಿಕ್ಕಾಗ ಸ್ಪಷ್ಟವಾಯಿತು. ಅಲ್ಲಿ ಆರ್‌ಎನ್‌ಎ ಒಂದು ಉಂಗುರವಾಗಿ ಮಡಚಿಕೊಂಡಿದೆ, ಆ ತುಂಡಿನ ಮುಂತುದಿ ಉಂಗುರದ ನಡುವಿನಿಂದ ತೂರಿಬಂದಿದೆ. ಮುಂದಿನಿಂದ ಬಂದ ಕಿಣ್ವ ಎಳೆದಷ್ಟೂ ಉಂಗುರ ಅದರ ಮುಖಕ್ಕೇ ಒತ್ತಿಕೊಳ್ಳುತ್ತದೆ. ಹಿಂದಿನಿಂದ ಬರುವ ಪಾಲಿಮರೇಸ್‌ಗೆ ಮಾತ್ರ ಇದೇ ಗಂಟು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಯಾವ ಪ್ರೋಟೀನಿನ ನೆರವೂ ಇಲ್ಲದೆ, ಬರಿಯ ಮಡಿಕೆಯ ಬಲದಿಂದ, ಶತ್ರುವಿಗೆ ಮುಚ್ಚಿ ಮಿತ್ರನಿಗೆ ತೆರೆಯುವ ಬಾಗಿಲು.

ಅಗಿದು ಉಳಿದ 300ರಿಂದ 500 ಅಕ್ಷರಗಳ ಈ ತುಣುಕು ಕಸವಾಗಿ ಬಿದ್ದಿರುವುದಿಲ್ಲ. ಸೋಂಕಿತ ಕೋಶದಲ್ಲಿ ಅದು ರಾಶಿಬಿದ್ದು ಕೋಶದ ಪ್ರೋಟೀನುಗಳನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. 1994ರಲ್ಲಿ ಪೋರ್ಟೊ ರಿಕೊದಲ್ಲಿ ಡೆಂಗಿಯ ಹೊಸ ತಳಿಯೊಂದು ಹಳೆಯದನ್ನು ಹಿಂದಿಕ್ಕಿ ಹಬ್ಬಿತು. ಹೊಸ ತಳಿಯಲ್ಲಿ ಈ ತುಣುಕು ಹೆಚ್ಚು ತಯಾರಾಗುತ್ತಿತ್ತು ಮತ್ತು ಟ್ರಿಮ್25 ಎಂಬ ಪ್ರೋಟೀನಿಗೆ ಬಲವಾಗಿ ಅಂಟುತ್ತಿತ್ತು ಎಂದು 2015ರ ಅಧ್ಯಯನ ತೋರಿಸಿತು. ಆರ್‌ಐಜಿ-ಐ ಕೂಗನ್ನು ಮುಂದಕ್ಕೆ ದಾಟಿಸಲು ಬೇಕಾದ ಪ್ರೋಟೀನ್ ಅದು. ಅಂಟಿಕೊಂಡ ಮೇಲೆ ಕೂಗು ದಾಟಲಿಲ್ಲ.

ಪಟ್ಟಿಯ ಆಸೆ

ಇಷ್ಟೆಲ್ಲ ಸಂಗಾತಿಗಳನ್ನು ಹುಡುಕುವ ವಿಧಾನದ ಬಗ್ಗೆ ಸ್ವಲ್ಪ ಹೇಳಬೇಕು. ಸೋಂಕಿತ ಕೋಶಗಳ ಮೇಲೆ 254 ನ್ಯಾನೊಮೀಟರಿನ ಅತಿನೇರಳೆ ಬೆಳಕು ಬಿಟ್ಟರೆ ಆರ್‌ಎನ್‌ಎಗೆ ತಾಗಿಕೊಂಡಿರುವ ಪ್ರೋಟೀನುಗಳು ಅದಕ್ಕೆ ಶಾಶ್ವತವಾಗಿ ಬೆಸೆದುಕೊಳ್ಳುತ್ತವೆ. ಆಮೇಲೆ ಕೋಶವನ್ನು ಒಡೆದು, ವೈರಸ್ಸಿನ ಅಕ್ಷರಗಳಿಗೆ ಹೊಂದುವ ಸಣ್ಣ ಡಿಎನ್‌ಎ ತುಣುಕುಗಳನ್ನು ಗಾಳವಾಗಿ ಬಳಸಿ ಆ ಆರ್‌ಎನ್‌ಎಯನ್ನು ಮೇಲೆತ್ತುತ್ತಾರೆ. ಜೊತೆಗೆ ಬಂದ ಪ್ರೋಟೀನುಗಳನ್ನು ದ್ರವ್ಯರಾಶಿ ರೋಹಿತಮಾಪಕದಿಂದ ಗುರುತಿಸುತ್ತಾರೆ. ಕೋವಿಡ್ ಕಾಲದಲ್ಲಿ ಹಲವು ತಂಡಗಳು ಇದನ್ನು ಮಾಡಿ ಉದ್ದುದ್ದ ಪಟ್ಟಿಗಳನ್ನು ಪ್ರಕಟಿಸಿದವು.

ಈ ಪಟ್ಟಿಗಳನ್ನು ಓದುವಾಗ ತುಸು ಬಿಗಿ ಬೇಕು. ಅಂಟಿಕೊಂಡಿರುವುದೆಲ್ಲ ಕೆಲಸಕ್ಕೆ ಬರುವಂಥದ್ದಲ್ಲ. ಕೆಲವು ಪ್ರೋಟೀನುಗಳು ಹೇರಳವಾಗಿವೆ, ಯಾವ ಆರ್‌ಎನ್‌ಎ ಕಂಡರೂ ತಗುಲಿಕೊಳ್ಳುತ್ತವೆ. ಒಂದು ಪ್ರೋಟೀನನ್ನು ತೆಗೆದಾಗ ವೈರಸ್ ಕುಗ್ಗಿದರೆ ಅದು ಮಿತ್ರ, ಹಿಗ್ಗಿದರೆ ಶತ್ರು ಎಂಬ ಲೆಕ್ಕವೂ ಯಾವಾಗಲೂ ನೇರವಲ್ಲ, ತೆಗೆದದ್ದರಿಂದ ಕೋಶವೇ ಸೊರಗಿರಬಹುದು. 2021ರಲ್ಲಿ ಕೊರೊನಾ ಆರ್‌ಎನ್‌ಎಗೆ ಅಂಟುವ ಪ್ರೋಟೀನುಗಳನ್ನು ಹೀಗೆ ಜಾಲಾಡಿದಾಗ ಸಿಎನ್‌ಬಿಪಿ ಮತ್ತು ಎಲ್‌ಎಆರ್‌ಪಿ1 ವೈರಸ್ಸಿಗೆ ಅಡ್ಡಗಾಲು ಹಾಕುವವೆಂದು ತಿಳಿಯಿತು. ಪಟ್ಟಿಯನ್ನಷ್ಟೇ ನೋಡಿದ್ದರೆ ಇವು ವೈರಸ್ಸಿನ ನೆರವಿಗೆ ಬಂದವು ಎಂದುಕೊಳ್ಳಬಹುದಿತ್ತು.

ಒಂದೇ ಪ್ರೋಟೀನ್ ಒಬ್ಬರಿಗೆ ಶತ್ರು, ಇನ್ನೊಬ್ಬರಿಗೆ ಆಧಾರವಾಗುವುದೂ ಉಂಟು. ಕೋಶಕ್ಕೆ ಒತ್ತಡ ಬಂದಾಗ ಓದು ನಿಂತ ಆರ್‌ಎನ್‌ಎಗಳನ್ನು ಗುಡ್ಡೆಹಾಕುವ ಜಿ3ಬಿಪಿ1 ಎಂಬ ಪ್ರೋಟೀನನ್ನು ಪೋಲಿಯೊ ತನ್ನ 3ಸಿ ಕತ್ತರಿಯಿಂದ ತುಂಡರಿಸುತ್ತದೆ. ಚಿಕೂನ್‌ಗುನ್ಯಾ ಅದೇ ಪ್ರೋಟೀನನ್ನು ತನ್ನ ಎನ್‌ಎಸ್‌ಪಿ3ಯಿಂದ ಹಿಡಿದು ನಕಲಿನ ಜಾಗಕ್ಕೆ ಕರೆತರುತ್ತದೆ. ಜಿ3ಬಿಪಿ ಬಳಗ ಇಲ್ಲದ ಕೋಶದಲ್ಲಿ ಅದಕ್ಕೆ ಬೆಳೆಯಲಾಗುವುದೇ ಇಲ್ಲ.

ಹೊರಡುವ ಮುನ್ನ

ಕೊನೆಯ ಸಂಗಾತಿಗಳು ಕವಚದ ಪ್ರೋಟೀನುಗಳು. ಇಲ್ಲಿ ಎಚ್‌ಐವಿಯ ಉದಾಹರಣೆ ತೆಗೆದುಕೊಂಡರೆ ವಿಷಯ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಎಚ್‌ಐವಿಯ ಡಿಎನ್‌ಎ ಪ್ರತಿ ನಮ್ಮ ವರ್ಣತಂತುಗಳಲ್ಲಿ ಸೇರಿಕೊಂಡು, ಅಲ್ಲಿಂದ ಕೋಶದ ಯಂತ್ರವೇ ಅದರ ಆರ್‌ಎನ್‌ಎಯನ್ನು ಬರೆಯುತ್ತದೆ. ಕತ್ತರಿಸಿ ಜೋಡಿಸುವ ಸಂಸ್ಕರಣೆ ಮುಗಿಯದ ಆರ್‌ಎನ್‌ಎಯನ್ನು ಕೋಶಕೇಂದ್ರ ಹೊರಗೆ ಬಿಡುವುದಿಲ್ಲ. ವೈರಸ್ಸಿಗೆ ಬೇಕಾಗಿರುವುದು ಇಡಿಯಾದ ಎಳೆಯೇ. ಆದ್ದರಿಂದ ರೆವ್ ಎಂಬ ಪ್ರೋಟೀನ್ ಆರ್‌ಎನ್‌ಎಯ ಸುಮಾರು 350 ಅಕ್ಷರಗಳ ಮಡಿಕೆಯೊಂದನ್ನು ಹಿಡಿದು, ಸಿಆರ್‌ಎಂ1 ಎಂಬ ಕೋಶದ ಸಾಗಣೆ ಪ್ರೋಟೀನಿನ ಜೊತೆಗೂಡಿ ಅದನ್ನು ಹೊರಕ್ಕೆ ದಾಟಿಸುತ್ತದೆ.

ಹೊರಗೆ ಬಂದ ಎಳೆಗಳಲ್ಲಿ ಕೆಲವು ರೈಬೋಸೋಮಿಗೆ ಹೋಗಬೇಕು, ಕೆಲವು ಕವಚಕ್ಕೆ. ಯಾವುದು ಎಲ್ಲಿಗೆ ಎಂಬುದು ಬರವಣಿಗೆ ಶುರುವಾದ ಜಾಗದಲ್ಲೇ ನಿರ್ಧಾರವಾಗಿರುತ್ತದೆ ಎಂದು 2016ರಲ್ಲಿ ತಿಳಿದುಬಂತು. ಮುಂತುದಿಯಲ್ಲಿ ಮೂರು ಜಿ ಅಕ್ಷರಗಳಿಂದ ಶುರುವಾದ ಎಳೆ ಟೊಪ್ಪಿಗೆ ಹೊರಗೆ ಕಾಣುವಂತೆ ಮಡಚಿಕೊಂಡು ಓದಿಗೆ ಸಿಗುತ್ತದೆ. ಒಂದೇ ಜಿಯಿಂದ ಶುರುವಾದದ್ದು ಟೊಪ್ಪಿಗೆಯನ್ನು ಮಡಿಕೆಯೊಳಗೆ ಅಡಗಿಸಿ, ತನ್ನಂಥ ಇನ್ನೊಂದು ಎಳೆಯ ಜೊತೆ ಜೋಡಿಯಾಗಿ, ಗ್ಯಾಗ್ ಎಂಬ ಕವಚ ಪ್ರೋಟೀನಿಗೆ ತನ್ನನ್ನು ಒಪ್ಪಿಸಿಕೊಳ್ಳುತ್ತದೆ. ಒಂಬತ್ತು ಸಾವಿರಕ್ಕೂ ಮಿಕ್ಕಿದ ಅಕ್ಷರಗಳಲ್ಲಿ ಎರಡೇ ಅಕ್ಷರಗಳ ವ್ಯತ್ಯಾಸ.

ಕವಚದೊಳಗೆ ಹೋಗುವಾಗಲೂ ಎಳೆಗಳು ಬರಿಗೈಯಲ್ಲಿ ಹೋಗುವುದಿಲ್ಲ. ಲೈಸೀನ್ ಎಂಬ ಅಮೈನೊ ಆಮ್ಲವನ್ನು ಹೊರುವ ಕೋಶದ ಟಿಆರ್‌ಎನ್‌ಎಯೊಂದನ್ನು ಎಚ್‌ಐವಿ ಜೊತೆಗೆ ಒಯ್ಯುತ್ತದೆ. ಅದರ ಹಿಂತುದಿಯ 18 ಅಕ್ಷರಗಳು ವೈರಸ್ಸಿನ ಆರ್‌ಎನ್‌ಎಯ 18 ಅಕ್ಷರಗಳಿಗೆ ಹೊಂದಿಕೊಂಡು ಜೋಡಿಯಾಗಿರುತ್ತವೆ. ಮುಂದಿನ ಕೋಶದಲ್ಲಿ ವೈರಸ್ಸಿನ ಕಿಣ್ವ ಆರ್‌ಎನ್‌ಎಯಿಂದ ಡಿಎನ್‌ಎ ಬರೆಯತೊಡಗುವುದು ಈ ಟಿಆರ್‌ಎನ್‌ಎಯ ತುದಿಯಿಂದಲೇ.